ಮಡದಿಗೊಂದು ಮೋಟಾರು

ಮಡದಿಗೆ ಉಡುಗೊರೆ ತರುವ ಗಂಡನ ಕಥೆ ಪುರಾಣದಷ್ಟು ಹಳೆಯದು. ಗಾಳಿಯಲ್ಲಿ ತೇಲಿಬಂದ ಒಂದು ಹೂವಿನ ಪರಿಮಳಕ್ಕೆ ಮನಸೋತು ದ್ರೌಪದಿ ಅಂಥವೇ ಇನ್ನಷ್ಟು ಹೂ ಬೇಕೆಂದಳು. ಭೀಮಸೇನ ಕಾಡುಮೇಡುಗಳನ್ನು ತುಳಿದುಕೊಂಡು ಹೋಗಿ ಕುಬೇರನ ಕೊಳದಿಂದ ಸೌಗಂಧಿಕವನ್ನು ಕಿತ್ತು ತಂದ. ಸತ್ಯಭಾಮೆ ಒಂದು ಹೂವಿಗಾಗಿ ಮುನಿದಳು. ಕೃಷ್ಣ ಇಂದ್ರನೊಡನೆ ಕಾದಾಡಿ ಪಾರಿಜಾತದ ಮರವನ್ನೇ ತಂದು ಆಕೆಯ ಅಂಗಳದಲ್ಲಿ ನೆಟ್ಟ. ಈ ಎರಡು ಕಥೆಗಳಲ್ಲಿಯೂ ಗಮನಿಸತಕ್ಕ ಸಂಗತಿಯೊಂದುಂಟು. ಬಯಕೆ ಮೊದಲು ಹುಟ್ಟಿದ್ದು ಹೆಂಡತಿಯ ಮನಸ್ಸಿನಲ್ಲಿ. ಅದನ್ನು ಈಡೇರಿಸಿದ ಸಾಹಸವಷ್ಟೇ ಗಂಡನದು. ಬೇಡಿದವಳು ಒಬ್ಬಳು, ತಂದವನು ಒಬ್ಬ, ಲೆಕ್ಕ ಸರಿಯಾಯಿತು.

ಇಂದಿನ ಪಟ್ಟಣವಾಸಿ ಗೃಹಸ್ಥ ಸೌಗಂಧಿಕವನ್ನು ಅರಸಿ ಹೊರಡುವುದಿಲ್ಲ. ಕಾರಿನ ಮಳಿಗೆಗೆ ಹೊರಡುತ್ತಾನೆ. ಮದುವೆಯಾಗಿ ಹತ್ತು ವರ್ಷವೋ ಇಪ್ಪತ್ತು ವರ್ಷವೋ ತುಂಬಿದ ದಿನ, ಹೂವಿನ ಹಾರ ಹಾಕಿದ, ನೆಲಕ್ಕೆ ತಗ್ಗಿ ಕುಳಿತ, ಓಟಕ್ಕೆಂದೇ ಹೇಳಿಮಾಡಿಸಿದಂತಿರುವ ಹೊಸ ಕಾರೊಂದು ಮನೆಯ ಮುಂದೆ ಬಂದು ನಿಲ್ಲುತ್ತದೆ. "ನಿನಗೋಸ್ಕರ ತಂದೆ" ಎಂದು ಯಜಮಾನ ಬೀಗದಕೈಯನ್ನು ಮಡದಿಯ ಕೈಗಿಡುತ್ತಾನೆ. ನೆರೆಹೊರೆಯವರು ಹೊಟ್ಟೆಕಿಚ್ಚನ್ನು ಅಡಗಿಸಿಕೊಂಡು ಅಭಿನಂದಿಸುತ್ತಾರೆ. ಬಯಕೆ ಯಾರಲ್ಲಿ ಹುಟ್ಟಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಏನಾದೀತು ಎಂಬುದಕ್ಕೆ ಲೋಕಪ್ರಸಿದ್ಧ ನಿದರ್ಶನವೊಂದಿದೆ.

೧೯೫೪ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನಕ್ಕೆ ಬಂದವರ ಕಣ್ಣು ಒಂದು ಕಾರಿನ ಮೇಲೆ ನೆಟ್ಟಿತು. ಇಟಲಿಯ ಫೆರಾರಿ ಕಾರ್ಖಾನೆಯ ಯಂತ್ರ. ಪಿನಿನ್ ಫಾರಿನಾ ಸಂಸ್ಥೆಯ ಕುಶಲಿಗಳು ಹೊದಿಸಿದ ಮೈ. ಹನ್ನೆರಡು ಸಿಲಿಂಡರುಗಳ, ನಾಲ್ಕೂವರೆ ಲೀಟರಿನ ಎಂಜಿನ್ನು; ಸುಮಾರು ೩೪೦ ಅಶ್ವಶಕ್ತಿ. ಇಬ್ಬರಿಗೆ ಮಾತ್ರ ಆಸನ. ಅದೇ ರೂಪಿನ ಇನ್ನೊಂದು ಕಾರು ಜಗತ್ತಿನಲ್ಲಿ ಇರಲಿಲ್ಲ, ಮುಂದೆಯೂ ತಯಾರಾಗಲಿಲ್ಲ. ಇಟಲಿಯ ಚಿತ್ರನಿರ್ದೇಶಕ ರಾಬರ್ಟೊ ರೊಸೆಲಿನಿ ತನ್ನ ಪತ್ನಿ ಇಂಗ್ರಿಡ್ ಬರ್ಗ್‌ಮನ್‌ಗೆ ಉಡುಗೊರೆಯಾಗಿ ಕೊಡಲೆಂದು ಮಾಡಿಸಿದ ಕಾರು ಅದು.

ಈ ದಂಪತಿಗಳು ಒಂದುಗೂಡಿದ ಬಗೆಯೇ ಒಂದು ಧಾರಾವಾಹಿ ಕಾದಂಬರಿಗೆ ಸಾಕಾಗುವಷ್ಟಿದೆ. ಇಂಗ್ರಿಡ್ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ೧೯೧೫ರಲ್ಲಿ ಹುಟ್ಟಿದವಳು. 'ಕಾಸಾಬ್ಲಾಂಕಾ' ಚಿತ್ರದಿಂದ ಅಮೆರಿಕದ ಮನೆಮಾತಾದಳು. 'ಗ್ಯಾಸ್‌ಲೈಟ್' ಚಿತ್ರಕ್ಕೆ ಆಸ್ಕರ್ ಪಾರಿತೋಷಕವನ್ನು ಪಡೆದಳು. ಯುದ್ಧ ಮುಗಿದ ಇಟಲಿಯ ಬೀದಿಗಳಲ್ಲಿ, ಮುರಿದ ಗೋಡೆಗಳ ನಡುವೆ ರೊಸೆಲಿನಿ ತೆಗೆದ ಚಿತ್ರಗಳನ್ನು ನೋಡಿ ಬೆರಗಾದ ಆಕೆ ೧೯೪೮ರಲ್ಲಿ ಅವನಿಗೊಂದು ಕಾಗದ ಬರೆದಳು. ತಾನು ಬಂದು ಅವನ ಚಿತ್ರದಲ್ಲಿ ಅಭಿನಯಿಸಲು ಸಿದ್ಧಳಾಗಿರುವೆನೆಂಬುದು ಅದರ ಸಾರಾಂಶ. ೧೯೪೯ರಲ್ಲಿ ಸ್ಟ್ರಾಂಬೋಲಿ ಎಂಬ ಅಗ್ನಿಪರ್ವತದ ದ್ವೀಪದಲ್ಲಿ ಚಿತ್ರೀಕರಣ ಆರಂಭವಾಯಿತು. ಚಿತ್ರದೊಡನೆ ಪ್ರೇಮವೂ ಬೆಳೆಯಿತು. ಇಂಗ್ರಿಡ್‌ಗೆ ಅಮೆರಿಕದಲ್ಲಿ ಗಂಡನಿದ್ದ, ಮಗಳಿದ್ದಳು. ರೊಸೆಲಿನಿಗೂ ಮದುವೆಯಾಗಿತ್ತು. ೧೯೫೦ರ ಫೆಬ್ರವರಿಯಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಅದರ ಮರುತಿಂಗಳು ಅಮೆರಿಕದ ಸೆನೆಟ್ ಸಭೆಯಲ್ಲಿಯೇ ಒಬ್ಬ ಸದಸ್ಯ ಎದ್ದು ನಿಂತು ಆಕೆಯನ್ನು ಖಂಡಿಸಿದ. ಮೇ ತಿಂಗಳಲ್ಲಿ ಮೆಕ್ಸಿಕೋ ದೇಶದಲ್ಲಿ, ವಧೂವರರಿಬ್ಬರೂ ಹಾಜರಿಲ್ಲದೆ, ಪ್ರತಿನಿಧಿಗಳ ಮೂಲಕ ಮದುವೆ ನಡೆಯಿತು. ೧೯೫೨ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು.

ಇಷ್ಟೆಲ್ಲವನ್ನೂ ಪಣಕ್ಕಿಟ್ಟು ಬಂದ ಹೆಂಡತಿಗೆ ಗಂಡ ಏನು ಕೊಟ್ಟರೆ ಸಾಲದಾದೀತು? ರೊಸೆಲಿನಿ ಪ್ರೀತಿಯನ್ನೇನೂ ಕಡಮೆ ಮಾಡಲಿಲ್ಲ. ಆದರೆ ಆತನಿಗೆ ಇನ್ನೊಂದು ಪ್ರೀತಿಯೂ ಇತ್ತು: ವೇಗ. ಫೆರಾರಿ ಕಾರುಗಳೆಂದರೆ ಅವನಿಗೆ ಪ್ರಾಣ. ಗಂಡ ಹೆಂಡತಿ ಕೂಡಿ ತೆಗೆದ ಚಿತ್ರಗಳು ಒಂದಾದ ಮೇಲೊಂದು ನಷ್ಟ ತಂದವು. ಆದರೂ ಕಾರುಗಳು ಮಾತ್ರ ಮನೆಗೆ ಬರುತ್ತಲೇ ಇದ್ದವು.

ಇಟಲಿಯಲ್ಲಿ ಆಗ 'ಮಿಲ್ಲೆ ಮಿಲಿಯಾ' ಎಂಬ ಪ್ರಸಿದ್ಧ ಓಟದ ಸ್ಪರ್ಧೆ ನಡೆಯುತ್ತಿತ್ತು. ಸಾವಿರ ಮೈಲಿ ಎಂದು ಆ ಮಾತಿನ ಅರ್ಥ. ಬ್ರೆಷಿಯಾ ಪಟ್ಟಣದಿಂದ ಹೊರಟು ರೋಮ್ ಮುಟ್ಟಿ, ಮತ್ತೆ ಬ್ರೆಷಿಯಾಕ್ಕೆ ಮರಳಬೇಕು. ಬೇಲಿ ಕಟ್ಟಿದ ಮೈದಾನವಲ್ಲ, ದಿನನಿತ್ಯದ ಸಾರ್ವಜನಿಕ ರಸ್ತೆಗಳು. ಇಕ್ಕೆಲದಲ್ಲಿ ಮನೆಗಳು, ಮರಗಳು, ಕುತೂಹಲದಿಂದ ಇಣುಕುವ ಮಕ್ಕಳು. ೧೯೫೫ರಲ್ಲಿ ಗೆದ್ದ ಸ್ಟರ್ಲಿಂಗ್ ಮಾಸ್ ಆ ಹಾದಿಯನ್ನು ಸರಾಸರಿ ಗಂಟೆಗೆ ೧೫೭ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಮುಗಿಸಿದನೆಂದರೆ ಅದರ ಭೀಕರತೆ ಊಹೆಗೆ ನಿಲುಕೀತು. ೧೯೫೩ರ ಸ್ಪರ್ಧೆಯಲ್ಲಿ ರೊಸೆಲಿನಿಯೂ ತನ್ನ ಫೆರಾರಿಯೊಡನೆ ಇಳಿದ. ರೋಮಿನಲ್ಲಿ ಇಂಗ್ರಿಡ್ ಕಾದಿದ್ದಳು. ವರ್ಷ ತುಂಬದ ಅವಳಿಮಕ್ಕಳು, ಮೂರು ವರ್ಷದ ಮಗ, ತವರೂ ಅಲ್ಲದ ಮೊದಲ ಊರೂ ಅಲ್ಲದ ಪರದೇಶ. ಹೀಗಿರುವಾಗ ರಸ್ತೆಯ ತಿರುವನ್ನೇ ನೋಡುತ್ತ ನಿಂತ ಹೆಂಡತಿಯ ಮನಸ್ಸು ಹೇಗಿದ್ದಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಮಿನವರೆಗೆ ಬಂದ ರೊಸೆಲಿನಿ ಅಲ್ಲಿಗೆ ಓಟವನ್ನು ಬಿಟ್ಟುಕೊಟ್ಟ.

ಇಷ್ಟಾದ ಮರುವರ್ಷವೇ ಆತ ಹೆಂಡತಿಗೆ ಮಾಡಿಸಿದ ಕಾರು ಯಾವುದು? ಅದರ ಹೆಸರು 'ಫೆರಾರಿ ೩೭೫ ಎಂ.ಎಂ.' ಆ ಎರಡು ಅಕ್ಷರಗಳು ಮಿಲ್ಲೆ ಮಿಲಿಯಾದ ಮೊದಲಕ್ಷರಗಳು! ಯಾವ ಓಟದ ದಿನ ಆಕೆ ಉಸಿರು ಬಿಗಿಹಿಡಿದು ಬೀದಿಯಲ್ಲಿ ನಿಂತಿದ್ದಳೋ ಆ ಓಟದ ಹೆಸರನ್ನೇ ಹೊತ್ತ ಕಾರು ಆಕೆಗೆ ಕಾಣಿಕೆಯಾಗಿ ಬಂದಿತು. ಕೊಟ್ಟವನ ಮನಸ್ಸಿನಲ್ಲಿ ಕೇಡಿರಲಿಲ್ಲ. ತನಗೆ ಅತ್ಯಂತ ಪ್ರಿಯವಾದುದನ್ನೇ ಕೊಟ್ಟ. ಕೊರತೆ ಇದ್ದದ್ದೂ ಅಲ್ಲಿಯೇ. ತನಗೆ ಪ್ರಿಯವಾದುದು ಆಕೆಗೂ ಪ್ರಿಯವೆಂದು ಅವನೇ ತೀರ್ಮಾನಿಸಿಬಿಟ್ಟ.

ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. ಆ ವರ್ಷಗಳಲ್ಲಿ ಇಟಲಿಯ ಬೇರೆ ಹೆಸರಾಂತ ನಿರ್ದೇಶಕರು ಇಂಗ್ರಿಡ್‌ಳನ್ನು ತಮ್ಮ ಚಿತ್ರಗಳಿಗೆ ಬಯಸುತ್ತಿದ್ದರು. ರೊಸೆಲಿನಿ ಒಪ್ಪಲಿಲ್ಲ. ತನ್ನ ಹೆಂಡತಿ ತನ್ನ ಚಿತ್ರಗಳಲ್ಲಿಯೇ ಅಭಿನಯಿಸಬೇಕೆಂಬುದು ಆತನ ಹಟ. ೩೪೦ ಕುದುರೆಗಳ ಬಲವನ್ನು ಹೆಂಡತಿಯ ಕಾಲಡಿಯಲ್ಲಿ ಇರಿಸಿದ ಗಂಡ, ಆಕೆ ತನ್ನ ಇಷ್ಟದ ಕೆಲಸಕ್ಕೆ ನಾಲ್ಕು ಹೆಜ್ಜೆ ನಡೆದುಹೋಗಲು ಮಾತ್ರ ಬಿಡಲಿಲ್ಲ. ಕಾರು ಎಷ್ಟು ವೇಗದ್ದಾದರೇನು, ಹೋಗಬೇಕಾದ ಊರನ್ನು ಬೇರೊಬ್ಬರು ಗೊತ್ತುಮಾಡಿದ ಮೇಲೆ?

ಅದೇ ೧೯೫೪ರಲ್ಲಿ ದಂಪತಿಗಳು ಕೂಡಿ ಮಾಡಿದ 'ಇಟಲಿಯ ಪ್ರವಾಸ' ಎಂಬ ಚಿತ್ರ ಬಿಡುಗಡೆಯಾಯಿತು. ಅಲ್ಲಿಯೂ ಒಂದು ಕಾರು ಇದೆ, ಗಂಡ ಹೆಂಡತಿ ಇದ್ದಾರೆ. ಸತ್ತ ಬಂಧುವಿನ ಮನೆಯನ್ನು ಮಾರಲೆಂದು ಇಂಗ್ಲಿಷ್ ದಂಪತಿಗಳು ನೇಪಲ್ಸ್ ಪಟ್ಟಣಕ್ಕೆ ಬೆಂಟ್ಲಿ ಕಾರಿನಲ್ಲಿ ಹೊರಟಿದ್ದಾರೆ. ಪಕ್ಕಪಕ್ಕದಲ್ಲಿ ಕುಳಿತಿದ್ದರೂ ಇಬ್ಬರ ನಡುವೆ ಮಾತು ಬತ್ತಿಹೋಗಿದೆ. ಪಾಂಪೆಯ ಅಗೆತದಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿ ಜೊತೆಯಾಗಿ ಮಡಿದ ಪುರಾತನ ಜೋಡಿಯೊಂದರ ಆಕೃತಿಯನ್ನು ಕಂಡು ಹೆಂಡತಿ ತಡೆಯಲಾರದೆ ಅಳುತ್ತಾಳೆ. ಕೊನೆಗೆ ದೇವರ ಉತ್ಸವದ ಜನಸಂದಣಿ ಅಡ್ಡಬಂದು ಕಾರು ನಿಲ್ಲುತ್ತದೆ. ಇಬ್ಬರೂ ಕೆಳಗಿಳಿಯುತ್ತಾರೆ. ಜನಪ್ರವಾಹ ಹೆಂಡತಿಯನ್ನು ಸೆಳೆದೊಯ್ಯುವಾಗ ಆಕೆ ಗಂಡನನ್ನು ಕೂಗುತ್ತಾಳೆ, ಅವನು ನುಗ್ಗಿಬರುತ್ತಾನೆ, ಅಲ್ಲಿ ಅವರು ಒಂದಾಗುತ್ತಾರೆ. ಕಾರು ಓಡುತ್ತಿದ್ದಷ್ಟು ಕಾಲ ದೂರವಾಗಿದ್ದವರು ಕಾರು ನಿಂತ ಮೇಲೆ ಹತ್ತಿರವಾದರು. ತೆರೆಯ ಮೇಲೆ ಇಷ್ಟು ಸೂಕ್ಷ್ಮವಾಗಿ ಕಂಡುದನ್ನು ರೊಸೆಲಿನಿ ತನ್ನ ಮನೆಯೊಳಗೆ ಕಾಣದೆಹೋದದ್ದು ವಿಧಿಯ ಅಣಕವೆನ್ನಬೇಕು.

ಮುಂದಿನ ಕಥೆ ಬೇಗ ಮುಗಿಯುತ್ತದೆ. ಇಂಗ್ರಿಡ್ ಬೇರೆ ನಿರ್ದೇಶಕರ ಚಿತ್ರಗಳಲ್ಲಿ ಮತ್ತೆ ಅಭಿನಯಿಸತೊಡಗಿದಳು. 'ಅನಸ್ತೇಸಿಯ' ಚಿತ್ರಕ್ಕಾಗಿ ೧೯೫೭ರಲ್ಲಿ ಎರಡನೆಯ ಆಸ್ಕರ್ ಬಂದಿತು. ರೊಸೆಲಿನಿ ೧೯೫೬ರ ಕೊನೆಯಲ್ಲಿ ಭಾರತಕ್ಕೆ ಬಂದ. ಆನೆ, ಮಾವುತ, ಹಿರಾಕುಡ್ ಅಣೆಕಟ್ಟು ಇವೆಲ್ಲವನ್ನೂ ಒಳಗೊಂಡ ಅವನ ಚಿತ್ರ ೧೯೫೯ರಲ್ಲಿ ತೆರೆಕಂಡಿತು. ಅಷ್ಟರಲ್ಲಿ ಇಲ್ಲಿ ಬೆಳೆದ ಇನ್ನೊಂದು ಪ್ರೇಮಪ್ರಕರಣ ಪತ್ರಿಕೆಗಳ ಬಾಯಿಗೆ ಬಿದ್ದು, ೧೯೫೭ರಲ್ಲಿ ದಂಪತಿಗಳು ಬೇರೆಯಾಗಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಮಿಲ್ಲೆ ಮಿಲಿಯಾದಲ್ಲಿ ಕಾರೊಂದು ರಸ್ತೆ ಬಿಟ್ಟು ಹಾರಿ, ಒಳಗಿದ್ದ ಇಬ್ಬರೂ, ನೋಡಲು ನಿಂತಿದ್ದ ಒಂಬತ್ತು ಮಂದಿಯೂ ಸತ್ತರು. ಆ ಒಂಬತ್ತರಲ್ಲಿ ಐದು ಮಕ್ಕಳು. ಓಟವನ್ನು ಸರ್ಕಾರ ನಿಲ್ಲಿಸಿತು. ರೋಮಿನ ಬೀದಿಯಲ್ಲಿ ನಿಂತಿದ್ದ ಹೆಂಡತಿಯ ಅಳುಕು ಬರಿಯ ಹೆಂಗರುಳಿನ ಭ್ರಮೆಯಾಗಿರಲಿಲ್ಲವೆಂಬುದು ಆಗ ಎಲ್ಲರಿಗೂ ತಿಳಿಯಿತು.

ಆ ಕಾರಿನ ನೆನಪಾಗಿ ಈಗ ಉಳಿದಿರುವುದರಲ್ಲಿ ಒಂದು ಬಣ್ಣವೂ ಸೇರಿದೆ. ಫೆರಾರಿ ಸಂಸ್ಥೆ ತನ್ನ ಬೂದು ಬಣ್ಣವೊಂದನ್ನು 'ಗ್ರಿಜೊ ಇಂಗ್ರಿಡ್' ಎಂದು ಕರೆಯಿತು. ಇಂಗ್ರಿಡ್ ಬೂದು ಎಂದು ಅದರ ಅರ್ಥ. ರೊಸೆಲಿನಿ ತನಗಾಗಿ ಇಟ್ಟುಕೊಂಡಿದ್ದ ಅದೇ ಜಾತಿಯ ಇನ್ನೊಂದು ಕಾರು, ಅಪಘಾತವಾದ ಮೇಲೆ ಸ್ಕಾಲಿಯೆಟಿಯ ಕಮ್ಮಟದಲ್ಲಿ ಹೊಸ ಮೈ ತೊಟ್ಟದ್ದು, ೨೦೧೪ರಲ್ಲಿ ಅಮೆರಿಕದ ಪೆಬಲ್ ಬೀಚ್ ಪ್ರದರ್ಶನದಲ್ಲಿ ಸರ್ವಶ್ರೇಷ್ಠ ಕಾರೆಂಬ ಬಿರುದನ್ನು ಪಡೆಯಿತು. ಗಂಡ ಮನಸಾರೆ ಓಡಿಸಿದ ಕಾರಿಗೆ ಬಿರುದು. ಹೆಂಡತಿಗೆಂದು ಮಾಡಿಸಿದ ಕಾರಿನಿಂದ ಬಣ್ಣದ ಡಬ್ಬಿಯ ಮೇಲೊಂದು ಹೆಸರು.

ಹೆಂಡತಿಗೆ ಕಾರು ಕೊಡುವುದೇ ತಪ್ಪೆಂದು ಇದರಿಂದ ಯಾರೂ ತಿಳಿಯಬಾರದು. ಇನ್ನೊಂದು ಬಗೆಯ ಗಂಡನೂ ಉಂಟು. ಲೋಕಕ್ಕೆಲ್ಲ ಮೋಟಾರು ಹಂಚಿದ ಹೆನ್ರಿ ಫೋರ್ಡ್‌ನ ಹೆಸರನ್ನು ಕೇಳದವರಿಲ್ಲ. ೧೯೦೮ರಿಂದ ೧೯೨೭ರವರೆಗೆ ಅವನ 'ಮಾಡೆಲ್ ಟಿ' ಕಾರುಗಳು ಒಂದೂವರೆ ಕೋಟಿಗೂ ಹೆಚ್ಚು ತಯಾರಾದವು. ಹೀಗಿರುವಾಗ ಅವನ ಪತ್ನಿ ಕ್ಲಾರಾ ಓಡಿಸುತ್ತಿದ್ದ ಕಾರು ಯಾವುದು? ಆಕೆಯ ೧೯೧೪ರ ಕಾರು ಡಿಯರ್‌ಬಾರ್ನ್ ಊರಿನಲ್ಲಿ ಫೋರ್ಡ್‌ನ ಹೆಸರಿನಲ್ಲಿಯೇ ಇರುವ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಅದು ಫೋರ್ಡ್ ಕಾರಲ್ಲ. 'ಡೆಟ್ರಾಯಿಟ್ ಎಲೆಕ್ಟ್ರಿಕ್' ಎಂಬ ಬೇರೊಂದು ಕಂಪನಿಯ ವಿದ್ಯುತ್ ಕಾರು!

ಇದರ ಕಾರಣ ಸರಳ. ಆ ಕಾಲದ ಪೆಟ್ರೋಲು ಕಾರನ್ನು ಹೊರಡಿಸಬೇಕಾದರೆ ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ತೋಳಿನ ಬಲವೆಲ್ಲ ಹಾಕಿ ತಿರುಗಿಸಬೇಕಾಗಿತ್ತು. ಎಂಜಿನ್ನು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಗುಂಡಿಯೊತ್ತಿದರೆ ಹೊರಡುವ ಏರ್ಪಾಡು ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತಾದರೂ ಮಾಡೆಲ್ ಟಿ ಕಾರಿಗೆ ಅದು ದೊರೆತದ್ದು ೧೯೧೯ರಲ್ಲಿ. ವಿದ್ಯುತ್ ಕಾರಿಗಾದರೋ ಹಿಡಿ ತಿರುಗಿಸುವ ಕೆಲಸವಿಲ್ಲ, ಗೇರು ಬದಲಿಸುವ ಗೋಜಿಲ್ಲ, ಹೊಗೆಯಿಲ್ಲ, ಗದ್ದಲವಿಲ್ಲ. ವೇಗ ಕಡಮೆ, ಮಾಡೆಲ್ ಟಿಗಿಂತ ಬೆಲೆ ಹಲವು ಪಾಲು ಹೆಚ್ಚು. ಊರೊಳಗೆ ನೆಂಟರ ಮನೆಗೆ, ಅಂಗಡಿಗೆ ತಾನಾಗಿ ಹೋಗಿಬರಬೇಕೆಂಬವಳಿಗೆ ಅದೇ ತಕ್ಕ ಕಾರು. ತನ್ನ ಕಾರ್ಖಾನೆಯ ಹೆಮ್ಮೆಯನ್ನು ಬದಿಗಿಟ್ಟು, ಪ್ರತಿಸ್ಪರ್ಧಿಯ ಕಾರು ತನ್ನ ಮನೆಯ ಮುಂದೆ ನಿಲ್ಲಲು ಒಪ್ಪಿದ ಫೋರ್ಡ್, ಇದೊಂದು ವಿಷಯದಲ್ಲಿ ರೊಸೆಲಿನಿಗಿಂತ ರಸಿಕನೆಂದೇ ಹೇಳಬೇಕು. ಉಡುಗೊರೆಯೆಂದರೆ ಕೊಡುವವನ ಅಭಿಮಾನದ ಪ್ರದರ್ಶನವಲ್ಲ, ಪಡೆಯುವವಳ ಅನುಕೂಲ ಎಂಬುದನ್ನು ಆ ಕಾರು ಸದ್ದಿಲ್ಲದೆ ಸಾರುತ್ತದೆ.

ಇನ್ನು, ಹೆಣ್ಣಿಗೆ ಕಾರಿನ ಮರ್ಮ ತಿಳಿಯದು, ಗಂಡಸೇ ಆರಿಸಿ ಕೊಡಬೇಕು ಎಂಬ ವಾದ. ಇದಕ್ಕೆ ಮೋಟಾರಿನ ಚರಿತ್ರೆಯ ಮೊದಲ ಪುಟದಲ್ಲಿಯೇ ಉತ್ತರವಿದೆ. ಜರ್ಮನಿಯ ಕಾರ್ಲ್ ಬೆಂಜ್ ಪೆಟ್ರೋಲು ಕಾರನ್ನು ಕಂಡುಹಿಡಿದವನೆಂದು ಎಲ್ಲರೂ ಬಲ್ಲರು. ಅವನ ಉದ್ಯಮ ಮುಳುಗುವ ಹಂತದಲ್ಲಿದ್ದಾಗ, ಮದುವೆಗೆ ಮುನ್ನವೇ, ತನ್ನ ವರದಕ್ಷಿಣೆಯ ಹಣವನ್ನು ಮುಂಗಡವಾಗಿ ತರಿಸಿಕೊಟ್ಟು ಅದನ್ನು ಉಳಿಸಿದವಳು ಬರ್ತಾ. ೧೮೮೬ರಲ್ಲಿ ಪೇಟೆಂಟ್ ದೊರೆಯಿತು. ಅದರಲ್ಲಿ ಇದ್ದುದು ಗಂಡನ ಹೆಸರು. ಕಾರನ್ನು ಕೊಳ್ಳುವವರೇ ಇರಲಿಲ್ಲ. ೧೮೮೮ರ ಆಗಸ್ಟಿನ ಒಂದು ಬೆಳಗ್ಗೆ, ಗಂಡನಿಗೆ ತಿಳಿಸದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಬರ್ತಾ ಮಾನ್‌ಹೈಮಿನಿಂದ ತನ್ನ ತವರೂರು ಫಾರ್ಟ್ಸ್‌ಹೈಮಿಗೆ ಹೊರಟುಬಿಟ್ಟಳು. ಸುಮಾರು ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ತಂತಿ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ವೀಸ್ಲೋಹ್ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಬ್ರೇಕು ತೇದಾಗ ಚಮ್ಮಾರನಿಂದ ತೊಗಲು ಹಾಕಿಸಿದಳು. ಸಂಜೆಗೆ ತವರು ಸೇರಿ ಗಂಡನಿಗೆ ತಂತಿ ಕಳುಹಿಸಿದಳು. ಏರು ಹತ್ತಲು ಇನ್ನೊಂದು ಗೇರು ಬೇಕೆಂದು ಆಕೆ ಹೇಳಿದ ಮಾತನ್ನು ಕಾರ್ಲ್ ಶಿರಸಾವಹಿಸಿ ನಡೆಸಿದ. ಇಲ್ಲಿ ಉಡುಗೊರೆಯ ಲೆಕ್ಕವೇ ತಲೆಕೆಳಗು. ಗಂಡನಿಗೆ ಕಾರು ಕೊಟ್ಟವಳು ಹೆಂಡತಿ; ಅದನ್ನು ಜಗತ್ತಿಗೆ ಪರಿಚಯಿಸಿದವಳೂ ಅವಳೇ.

ಭಾರತದಲ್ಲಿ ಒಂದು ಕಾರಿನ ಕಥೆ ಇದೆ. ಓಟದ ಕಾರಲ್ಲ, ಬಡಾಯಿಯ ಕಾರಲ್ಲ, ಸಾಮಾನ್ಯ ಫಿಯೆಟ್. ಲಾಲ್ ಬಹಾದುರ್ ಶಾಸ್ತ್ರಿಯವರು ಪ್ರಧಾನಮಂತ್ರಿಗಳಾದ ಮೇಲೆ ಮನೆಯವರ ಒತ್ತಾಸೆಗೆ ಮಣಿದು ಅದನ್ನು ಕೊಂಡರು. ಬೆಲೆ ೧೨,೦೦೦ ರೂಪಾಯಿ. ಕೈಯಲ್ಲಿದ್ದದ್ದು ೭,೦೦೦. ಮಿಕ್ಕ ೫,೦೦೦ ರೂಪಾಯಿಗಳನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲವಾಗಿ ಪಡೆದರು. ೧೯೬೬ರ ಜನವರಿ ೧೧ರಂದು ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಉಳಿದಿತ್ತು. ಅದನ್ನು ತಮಗೆ ಬರುತ್ತಿದ್ದ ಪಿಂಚಣಿಯಿಂದ ಸ್ವಲ್ಪಸ್ವಲ್ಪವಾಗಿ ತೀರಿಸಿದವರು ಅವರ ಪತ್ನಿ ಲಲಿತಾ ಶಾಸ್ತ್ರಿ. ಆ ಕಾರು ದೆಹಲಿಯಲ್ಲಿ ಶಾಸ್ತ್ರಿಯವರ ಸ್ಮಾರಕದಲ್ಲಿ ಈಗಲೂ ನಿಂತಿದೆ. ನೋಡಿದವರು ಪ್ರಧಾನಿಯ ಪ್ರಾಮಾಣಿಕತೆಯನ್ನು ಕೊಂಡಾಡುತ್ತಾರೆ, ಅದು ಯೋಗ್ಯವೇ. ಆದರೆ ಸಾಲದ ಕೊನೆಯ ಕಾಸನ್ನು ಕಟ್ಟಿದ ಕೈಯನ್ನೂ ನೆನೆಯಬೇಕು. ಮನೆಗೆ ಬಂದ ಕಾರಿನ ಹೊರೆ ಹೊರುವವರು ಯಾರೆಂಬುದು ಕೊಂಡ ದಿನವೇ ತೀರ್ಮಾನವಾಗುವುದಿಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಗೃಹಸ್ಥ ಕೆಲವು ಸಂಗತಿಗಳನ್ನು ಯೋಚಿಸುವುದು ಒಳ್ಳೆಯದು. ಕಾರು ಮಡದಿಗೆಂದಾದರೆ ಆರಿಸುವಾಗ ಮಡದಿ ಜೊತೆಯಲ್ಲಿರಬೇಡವೆ? ಗುಟ್ಟಾಗಿ ತಂದು ಬೆರಗುಗೊಳಿಸುವುದು ಸೀರೆಯ ವಿಷಯದಲ್ಲಿ ಸೊಗಸು. ಬಣ್ಣ ಹಿಡಿಸದಿದ್ದರೆ ಅಂಗಡಿಗೆ ಹಿಂದಿರುಗಿಸಬಹುದು. ಕಾರಿನಲ್ಲಿ ಆ ಸೌಲಭ್ಯವಿಲ್ಲ. ಆಸನದ ಎತ್ತರ ಆಕೆಗೆ ಒಗ್ಗುತ್ತದೆಯೆ? ಕಾಲು ಪೆಡಲಿಗೆ ಎಟಕುತ್ತದೆಯೆ? ತಗ್ಗಿದ ಬಾಗಿಲಿನಲ್ಲಿ, ಮಂಡಿನೋವಿನ ಅತ್ತೆ ಮೈಮುದುರಿ ಹತ್ತಿಯಾರೆ? ನೆಲಕ್ಕಂಟಿದ ಹೊಟ್ಟೆಯ ಕಾರು ಬಡಾವಣೆಯ ರಸ್ತೆಯುಬ್ಬುಗಳನ್ನು ಉಜ್ಜದೆ ದಾಟೀತೆ? ಶಾಲೆಯ ಚೀಲಗಳು, ತರಕಾರಿಯ ಬುಟ್ಟಿ, ಊರಿನಿಂದ ಬಂದ ತೆಂಗಿನಕಾಯಿಯ ಮೂಟೆ, ಇವಕ್ಕೆ ಎಡೆಯುಂಟೆ? ಇವೆಲ್ಲಕ್ಕೂ ಉತ್ತರ ಗೊತ್ತಿರುವವಳು ಮನೆಯೊಡತಿಯೇ. ಇಷ್ಟೆಲ್ಲ ತೂಗಿನೋಡಿದ ಮೇಲೂ ಆಕೆ ಓಟದ ಕಾರೇ ಬೇಕೆಂದರೆ, ಮರುಮಾತಿಲ್ಲದೆ ಅದನ್ನೇ ತರಬೇಕು. ವೇಗದ ಹುಚ್ಚು ಗಂಡಸರಿಗಷ್ಟೇ ಮೀಸಲೆಂದು ಎಲ್ಲಿ ಬರೆದಿದೆ? ಬೇಡಿದವಳು ಅವಳಾದರೆ ಸಾಕು. ಸೌಗಂಧಿಕದ ಲೆಕ್ಕ ಮತ್ತೆ ಸರಿಹೋಯಿತು.

ಇನ್ನು ಹೆಸರಿನ ವಿಷಯ. ಉಡುಗೊರೆಯೆಂದು ಬಾಯಲ್ಲಿ ಹೇಳಿ, ನೋಂದಣಿ ಪತ್ರದಲ್ಲಿ ತನ್ನ ಹೆಸರನ್ನೇ ಬರೆಸುವ ಗಂಡಂದಿರು ಕಡಮೆಯೇನಿಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ೧೪ನೆಯ ಪ್ರಕರಣದ ಮೇರೆಗೆ ಹಿಂದೂ ಸ್ತ್ರೀಯು ಉಡುಗೊರೆಯಾಗಿ ಪಡೆದ ಸ್ವತ್ತಿಗೆ, ಅದು ಚರವಾಗಲಿ ಸ್ಥಿರವಾಗಲಿ, ಆಕೆ ಪೂರ್ಣ ಒಡತಿ. ಸ್ತ್ರೀಧನ ಹೆಂಡತಿಯ ಸ್ವಂತ ಸೊತ್ತೆಂದು ಸರ್ವೋಚ್ಚ ನ್ಯಾಯಾಲಯ ೧೯೮೫ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯ ತೀರ್ಪಿನಲ್ಲಿ ಸ್ಪಷ್ಟವಾಗಿ ಸಾರಿತು. ಆದುದರಿಂದ ಕೊಡುವುದಾದರೆ ಕಾಗದದ ಮೇಲೆಯೂ ಕೊಡಬೇಕು. ಹೆಸರು ಆಕೆಯದಾಗಿ ಚಾಲನೆಯ ಪರವಾನಗಿ ಆಕೆಗಿಲ್ಲದಿದ್ದರೆ ಬೇರೊಂದು ತೊಡಕು: ಮಾಲೀಕ ಚಾಲಕರಿಗೆಂದು ಇರುವ ಹದಿನೈದು ಲಕ್ಷ ರೂಪಾಯಿಗಳ ಅಪಘಾತ ವಿಮೆ, ಪರವಾನಗಿ ಇಲ್ಲದ ಮಾಲೀಕರಿಗೆ ಸಲ್ಲುವುದಿಲ್ಲ. ಕಾರಿಗೆ ಮುಂಗಡ ಕೊಟ್ಟ ದಿನವೇ ಮಡದಿ ಕಲಿಕೆಯ ಪರವಾನಗಿಗೆ ಅರ್ಜಿ ಹಾಕಿದರೆ, ಅದು ಕೈಸೇರಿದ ಮೂವತ್ತು ದಿನಗಳ ಮೇಲೆ ಪೂರ್ಣ ಪರವಾನಗಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಕಲಿಸುವ ಕೆಲಸವನ್ನು ಗಂಡ ವಹಿಸಿಕೊಳ್ಳದಿರುವುದು ದಾಂಪತ್ಯಕ್ಕೆ ಕ್ಷೇಮಕರ. ಪಕ್ಕದಲ್ಲಿ ಕುಳಿತು "ಬ್ರೇಕು! ಬ್ರೇಕು!" ಎಂದು ಕೂಗುವ ಗಂಡನಿಗಿಂತ ಸಂಬಳಕ್ಕೆ ಕಲಿಸುವ ಪರಕೀಯನಿಗೆ ತಾಳ್ಮೆ ಹೆಚ್ಚು.

ಸಾಲದ ಕಂತನ್ನೂ ಇಬ್ಬರೂ ಕುಳಿತು ಲೆಕ್ಕಹಾಕಬೇಕು. ತಿಂಗಳ ಸಂಬಳದಲ್ಲಿ ಕಂತು ಎಷ್ಟು, ಪೆಟ್ರೋಲು ಎಷ್ಟು, ವರ್ಷಕ್ಕೊಮ್ಮೆ ಬರುವ ವಿಮೆ ಎಷ್ಟು ಎಂಬುದು ಮಡದಿಗೆ ತಿಳಿದಿರಬೇಕು. ಉಡುಗೊರೆಯ ಬೆಲೆಯನ್ನು ಮುಚ್ಚಿಡುವುದು ಶಿಷ್ಟಾಚಾರವಿರಬಹುದು. ಸಾಲವನ್ನು ಮುಚ್ಚಿಡುವುದು ಶಿಷ್ಟಾಚಾರವಲ್ಲ.

ಕೊನೆಯದಾಗಿ ಒಂದು ಪರೀಕ್ಷೆ. ಕಾರು ಮನೆಗೆ ಬಂದು ಆರು ತಿಂಗಳಾದ ಮೇಲೆ ಬೀಗದಕೈ ಎಲ್ಲಿ ತೂಗುತ್ತಿದೆ ಎಂದು ನೋಡಬೇಕು. ಅದು ಆಕೆಯ ಕೈಚೀಲದಲ್ಲಿದ್ದರೆ, ಎಲ್ಲಿಗೆ ಹೊರಟೆಯೆಂಬ ಪ್ರಶ್ನೆಗೆ ಉತ್ತರವಿತ್ತೋ ಕೊಡದೆಯೋ ಆಕೆ ನಿರಾತಂಕವಾಗಿ ಹೋಗಿಬರುತ್ತಿದ್ದರೆ, ಗಂಡ ಕೊಟ್ಟದ್ದು ನಿಜವಾಗಿಯೂ ಉಡುಗೊರೆ. ಬೀಗದಕೈ ಗಂಡನ ಜೇಬಿನಲ್ಲಿಯೇ ಇದ್ದು, ಆಕೆ ಎಡಗಡೆಯ ಆಸನದಲ್ಲಿ ಕುಳಿತು ದಾರಿ ನೋಡುವುದಷ್ಟೇ ಆಗಿದ್ದರೆ, ಅವನು ತನಗೊಂದು ಕಾರು ಕೊಂಡುಕೊಂಡು ಅದಕ್ಕೆ ಹೆಂಡತಿಯ ಹೆಸರಿಟ್ಟನೆಂದೇ ಅರ್ಥ.